ತಗ್ಗಿಸಿದ ಪೋಲೊಗೆ ಯಾವ ರಿಮ್, ಯಾವ ಟೈರ್?

ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ ಮೇಲೆ ಎಲ್ಲರೂ ಮೊದಲು ನೋಡುವುದು ಫೆಂಡರಿಗೂ ಟೈರಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಅಂತ. ರಿಮ್ ಆರಿಸಲು ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ನಿಂತ ಕಾರಿನಲ್ಲಿ ಟೈರ್ ಎಲ್ಲೂ ತಾಗುವುದಿಲ್ಲ. ನಾಲ್ಕು ಜನ ಕೂತು, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದೇ ಚಕ್ರ ಹಂಪ್ ಹತ್ತಿದಾಗ ತಾಗುತ್ತದೆ. ಸೈಜ್ ಆರಿಸಬೇಕಾದದ್ದು ಆ ಗಳಿಗೆಗೆ.

ಇನ್ನೊಂದು ವಿಷಯವನ್ನೂ ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಸ್ಪ್ರಿಂಗ್ ತಗ್ಗಿಸಿದರೆ ಚಕ್ರ ಮೇಲೇರುವ ಕೊನೆಯ ಮಿತಿ ಬದಲಾಗುವುದಿಲ್ಲ, ಅದನ್ನು ನಿರ್ಧರಿಸುವುದು ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರಿನ ತುಂಡು. ಮೊದಲು ದೊಡ್ಡ ಗುಂಡಿಗೆ ಬಿದ್ದಾಗ ಮಾತ್ರ ಮುಟ್ಟುತ್ತಿದ್ದ ಮಿತಿಯನ್ನು ಈಗ ದಿನಕ್ಕೆ ಹತ್ತು ಸಲ ಮುಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಆದರೆ ಮೆಕ್ಯಾನಿಕ್ ಬಂಪ್ ಸ್ಟಾಪನ್ನು ಕತ್ತರಿಸಿ ಗಿಡ್ಡ ಮಾಡಿದ್ದರೆ ಕತ್ತರಿಸಿದಷ್ಟೂ ಟೈರ್ ಒಳಗೆ ಏರುತ್ತದೆ, ಲೆಕ್ಕವೆಲ್ಲ ಬುಡಮೇಲು. ರಿಮ್ಮಿಗೆ ದುಡ್ಡು ಕೊಡುವ ಮುಂಚೆ ಅದನ್ನು ಕೇಳಿ ತಿಳಿದುಕೊಳ್ಳಿ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 2010ರಿಂದ 2022ರವರೆಗೆ ನಮ್ಮಲ್ಲಿ ಮಾರಾಟವಾದ ಫೋಕ್ಸ್‌ವ್ಯಾಗನ್ ಪೋಲೊ. ಸ್ವಿಫ್ಟ್, ಐ20, ಬಲೆನೊ ಇದ್ದವರು ಅಂಕಿಗಳನ್ನು ಬದಲಿಸಿಕೊಳ್ಳಿ, ಕ್ರಮ ಅದೇ.

ಮೊದಲು ಬದಲಾಗದ ಅಂಕಿಗಳು. ಪೋಲೊದ ಪಿಸಿಡಿ 5×100, ಅಂದರೆ 100 ಮಿ.ಮೀ. ವೃತ್ತದ ಮೇಲೆ ಐದು ಬೋಲ್ಟ್. ಹಬ್ (ಚಕ್ರವನ್ನು ಬಿಗಿಯುವ ಕಾರಿನ ಭಾಗ) ಕೂರುವ ನಡುವಿನ ತೂತು 57.1 ಮಿ.ಮೀ. ಬೋಲ್ಟ್ ಎಂ14×1.5. ಪಿಸಿಡಿ ಹೊಂದದ ರಿಮ್ಮನ್ನು ಅಡಾಪ್ಟರ್ ಹಾಕಿ ಕೂರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ. ಅಡಾಪ್ಟರ್ ಚಕ್ರವನ್ನು ಹದಿನೈದು ಇಪ್ಪತ್ತು ಮಿ.ಮೀ. ಹೊರಗೆ ತಳ್ಳುತ್ತದೆ, ತಗ್ಗಿಸಿದ ಕಾರಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲ.

ಟೈರಿನ ಎತ್ತರದ ಲೆಕ್ಕ

ಕಂಪನಿ ಕೊಟ್ಟ ಟೈರ್ 185/60 ಆರ್15. ಅಗಲ 185, ಅದರ ನೂರಕ್ಕೆ 60 ಸೈಡ್‌ವಾಲ್, ಅಂದರೆ ರಿಮ್ಮಿನ ಅಂಚಿನಿಂದ ರಸ್ತೆಯವರೆಗಿನ ರಬ್ಬರಿನ ಎತ್ತರ 111 ಮಿ.ಮೀ. ಮೇಲೂ ಕೆಳಗೂ ಸೇರಿ 222. ರಿಮ್ 15 ಇಂಚು, ಅಂದರೆ 381. ಒಟ್ಟು 603 ಮಿ.ಮೀ. ಹೊಸ ಟೈರಿನ ಎತ್ತರ ಇದಕ್ಕಿಂತ ನೂರಕ್ಕೆ ಎರಡರಷ್ಟು ಕಡಿಮೆಯಾದರೆ ಚಿಂತೆಯಿಲ್ಲ. ಹೆಚ್ಚಾದರೆ ಎರಡು ತೊಂದರೆ: ಟೈರ್ ಮೇಲೆ ತಾಗುತ್ತದೆ, ಜೊತೆಗೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ.

ಅಂಗಡಿಯವರು ಸಾಮಾನ್ಯವಾಗಿ ಮುಂದಿಡುವ ಸೈಜುಗಳು:

195/55 ಆರ್15: 595.5 ಮಿ.ಮೀ., ಶೇ 1.2 ಕಡಿಮೆ. ಸೈಡ್‌ವಾಲ್ 107.
195/50 ಆರ್15: 576 ಮಿ.ಮೀ., ಶೇ 4.5 ಕಡಿಮೆ. ಸೈಡ್‌ವಾಲ್ 97.5.
195/60 ಆರ್15: 615 ಮಿ.ಮೀ., ಶೇ 2 ಹೆಚ್ಚು. ಸೈಡ್‌ವಾಲ್ 117.
205/45 ಆರ್16: 591 ಮಿ.ಮೀ., ಶೇ 2 ಕಡಿಮೆ. ಸೈಡ್‌ವಾಲ್ 92.
195/50 ಆರ್16: 601 ಮಿ.ಮೀ., ಹೆಚ್ಚುಕಡಿಮೆ ಮೂಲದಷ್ಟೇ. ಸೈಡ್‌ವಾಲ್ 97.5.
195/55 ಆರ್16: 621 ಮಿ.ಮೀ., ಶೇ 3 ಹೆಚ್ಚು. ಸೈಡ್‌ವಾಲ್ 107.
215/40 ಆರ್17: 604 ಮಿ.ಮೀ., ಮೂಲದಷ್ಟೇ. ಸೈಡ್‌ವಾಲ್ 86.

195/55 ಆರ್16 ಬಲೆನೊ, ಐ20ಗಳಿಗೂ ಬರುವ ಸೈಜ್, ಆದ್ದರಿಂದ ಯಾವ ಊರಲ್ಲೂ ಸಿಗುತ್ತದೆ. ಪೋಲೊದ ಹೆಚ್ಚು ಶಕ್ತಿಯ ಆವೃತ್ತಿಯಾದ ಜಿಟಿಗೂ ನಂತರದ ವರ್ಷಗಳಲ್ಲಿ ಕಂಪನಿ ಇದನ್ನೇ ಕೊಟ್ಟಿತ್ತು. ಹಾಗಂತ ತಗ್ಗಿಸಿದ ಪೋಲೊಗೆ ಹಾಕಿದರೆ ಟೈರ್ ಎಲ್ಲ ಕಡೆಯೂ 9 ಮಿ.ಮೀ. ದೊಡ್ಡದಾಗುತ್ತದೆ, ಮುಂದಿನ ಲೈನರ್ (ಫೆಂಡರಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಸವೆಯಲು ಶುರು. ಜಿಟಿಗೆ ಕೊಟ್ಟಾಗ ಆ ಕಾರು ತಗ್ಗಿರಲಿಲ್ಲ ಅನ್ನುವುದನ್ನು ಮರೆಯಬೇಡಿ.

195/50 ಆರ್15 ತಾಗುವುದಿಲ್ಲ, ಆದರೆ ಕಾರನ್ನು ಇನ್ನೂ 13 ಮಿ.ಮೀ. ಕೆಳಗಿಳಿಸುತ್ತದೆ. ಅದು ಚಿಕ್ಕ ಸಂಖ್ಯೆಯಂತೆ ಕಂಡರೂ ನಮ್ಮ ರಸ್ತೆಯಲ್ಲಿ ಚಿಕ್ಕದಲ್ಲ. ಪೋಲೊದ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಇದ್ದಾಗ 165 ಮಿ.ಮೀ.; 40 ತಗ್ಗಿಸಿದರೆ 125. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಪೋಲೊದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 2.47 ಮೀಟರ್. ಹೀಗಾಗಿ ನಾಲ್ಕೂ ಚಕ್ರ ಆ ಕಮಾನಿನ ಮೇಲೆಯೇ ಇರುತ್ತವೆ, ಕಾರಿನ ಹೊಟ್ಟೆ ಕಳೆದುಕೊಳ್ಳುವುದು 45 ಮಿ.ಮೀ. ಮಾತ್ರ. ಆದರೆ ಪತ್ರಿಕೆಗಳು ದಿನಾ ಬರೆಯುವ ‘ಅವೈಜ್ಞಾನಿಕ’ ಹಂಪ್, ಅಂದರೆ ಊರವರು ಹಾಕಿದ ಗಿಡ್ಡ ಚೂಪು ದಿಣ್ಣೆ, ಎರಡು ಜೋಡಿ ಚಕ್ರಗಳ ನಡುವೆ ಪೂರ್ತಿ ಕೂತುಬಿಡುತ್ತದೆ. ಅಲ್ಲಿ 10 ಸೆಂ.ಮೀ. ಅಂದರೆ 10 ಸೆಂ.ಮೀ.ಯೇ. ಉಳಿದದ್ದು 25 ಮಿ.ಮೀ. ಹಿಂದೆ ಇಬ್ಬರು ಕೂತರೆ ಅದೂ ಹೋಯಿತು. ಇಂಥ ಕಡೆ ಟೈರಿನ ಎತ್ತರವನ್ನೂ ಕಳೆದುಕೊಂಡರೆ ಎಂಜಿನ್ ಕೆಳಗಿನ ಗಾರ್ಡ್ ಬದಲಿಸುತ್ತಲೇ ಇರಬೇಕು.

ಆಫ್‌ಸೆಟ್

ಜನ ಹೆಚ್ಚು ಎಡವುವುದು ಇಲ್ಲಿ. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಹೊರಗಿದೆ ಅನ್ನುವುದೇ ಆಫ್‌ಸೆಟ್. ರಿಮ್ಮಿನ ಹಿಂಬದಿಯಲ್ಲಿ ಇಟಿ ಅಂತ ಅಚ್ಚೊತ್ತಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಚಕ್ರ ಫೆಂಡರಿನ ಹೊರಗೆ ಬರುತ್ತದೆ. 15 ಇಂಚಿನ ಮೂಲ ರಿಮ್ 6ಜೆ (ಅಂದರೆ 6 ಇಂಚು ಅಗಲ), ಇಟಿ 40 ಅಂತ ಇಟ್ಟುಕೊಳ್ಳೋಣ. ನಿಮ್ಮ ರಿಮ್ ಬಿಚ್ಚಿ ಓದಿ, ಬೇರೆ ಇದ್ದರೆ ಅದನ್ನೇ ಹಿಡಿಯಿರಿ.

ಲೆಕ್ಕ ಸುಲಭ. ಟೈರಿನ ಅಗಲದ ಅರ್ಧಕ್ಕೆ ಇಟಿ ಕೂಡಿಸಿದರೆ ಹಬ್ಬಿನಿಂದ ಒಳಗೆ ಎಷ್ಟು ಅಂತ ಸಿಗುತ್ತದೆ. ಅರ್ಧದಿಂದ ಇಟಿ ಕಳೆದರೆ ಹೊರಗೆ ಎಷ್ಟು ಅಂತ. 185 ಟೈರ್, ಇಟಿ 40 ಆದರೆ ಒಳಗೆ 132.5, ಹೊರಗೆ 52.5. ಈಗ 195 ಟೈರನ್ನು ಇಟಿ 38 ರಿಮ್ಮಿಗೆ ಹಾಕಿದರೆ ಒಳಗೆ 135.5, ಹೊರಗೆ 59.5. ಒಳಗೆ 3, ಹೊರಗೆ 7 ಮಿ.ಮೀ. ಹೆಚ್ಚು. 205 ಟೈರ್, ಇಟಿ 35 ಆದರೆ ಹೊರಗೆ 67.5, ಅಂದರೆ ಮೂಲಕ್ಕಿಂತ 15 ಮಿ.ಮೀ. ಆಚೆ. 215 ಟೈರಿಗೆ ಅದೇ ಇಟಿ 35 ಹಿಡಿದರೆ 20 ಮಿ.ಮೀ. ಆಚೆ. ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರ್ ಸುಮಾರು 5 ಮಿ.ಮೀ. ಹಿಗ್ಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

ಒಳಗೆ ಎಷ್ಟು ಜಾಗವಿದೆ ಅನ್ನುವುದಕ್ಕೆ ಕಂಪನಿಯೇ ಸುಳಿವು ಕೊಟ್ಟಿದೆ. ಯುರೋಪಿನಲ್ಲಿ ಇದೇ ಪೋಲೊಗೆ 7ಜೆ×16, ಇಟಿ 46 ರಿಮ್ಮಿನ ಮೇಲೆ 215/45 ಟೈರ್ ಬರುತ್ತಿತ್ತು. ಲೆಕ್ಕ ಹಾಕಿ ನೋಡಿ: ಒಳಗೆ 21 ಮಿ.ಮೀ. ಹೆಚ್ಚು, ಹೊರಗೆ 9 ಮಾತ್ರ. ಅಂದರೆ ಈ ಕಾರಿನಲ್ಲಿ ಇಕ್ಕಟ್ಟು ಇರುವುದು ಹೊರಗಡೆ, ಫೆಂಡರಿನ ಅಂಚಿನಲ್ಲಿ. ಆದ್ದರಿಂದ 15 ಇಂಚಿಗೆ ಇಟಿ 38ರಿಂದ 42, 16 ಇಂಚು 7ಜೆಗೆ ಇಟಿ 40ರಿಂದ 45 ಹುಡುಕಿ. ಮಾರುಕಟ್ಟೆಯಲ್ಲಿ ಇಟಿ 35 ಸುಲಭಕ್ಕೆ ಸಿಗುತ್ತದೆ ಅಂತ ಅದಕ್ಕೆ ಒಪ್ಪಿಕೊಂಡರೆ ಹಿಂದಿನ ಸೀಟಿನಲ್ಲಿ ಜನ ಕೂತಾಗಲೆಲ್ಲ ಕಿರ್ ಅನ್ನುತ್ತದೆ. ಒಂದು ಎಚ್ಚರಿಕೆ: ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಜೋಡಿ) ಹಾಕಿಸಿದ್ದರೆ ಸ್ಪ್ರಿಂಗಿನ ತಟ್ಟೆ ಟೈರಿನ ಎತ್ತರಕ್ಕೆ ಇಳಿದಿರಬಹುದು, ಆಗ ಒಳಗಿನ ಜಾಗ ಕಂಪನಿಯ ಲೆಕ್ಕದಷ್ಟು ಇರುವುದಿಲ್ಲ. ತಟ್ಟೆಗೂ ಟೈರಿಗೂ ಕನಿಷ್ಠ 5–6 ಮಿ.ಮೀ. ಇರಲೇಬೇಕು.

ಹಾಗಾದರೆ ಯಾವುದು?

ಬೆಂಗಳೂರಿನ ಒಳರಸ್ತೆ, ಮಲೆನಾಡಿನ ಘಾಟಿ, ಎಲ್ಲಾದರೂ ದಿನಾ ಓಡಿಸುವ ಕಾರಾದರೆ 15×6.5ಜೆ, ಇಟಿ 38–40, ಟೈರ್ 195/55 ಆರ್15. ನೋಟಕ್ಕೆ ಇದು ಸಪ್ಪೆ ಅನ್ನುವವರಿದ್ದಾರೆ. ಆದರೆ ಗುಂಡಿಯ ಏಟನ್ನು ರಿಮ್ಮಿಗೆ ಮುಟ್ಟಿಸದೆ ನುಂಗುವುದು ಆ 107 ಮಿ.ಮೀ. ಸೈಡ್‌ವಾಲ್. 16 ಇಂಚೇ ಬೇಕೆಂದರೆ 205/45 ಅಥವಾ 195/50, ಆದರೆ ರಿಮ್ ಖರೀದಿಸುವ ಮೊದಲು ಆ ಟೈರ್ ನಿಮ್ಮ ಊರಲ್ಲಿ ಸಿಗುತ್ತದೋ ಕೇಳಿ. ಒಂದು ಟೈರ್ ಹರಿದರೆ ವಾರಗಟ್ಟಲೆ ಕಾಯಬೇಕಾದ ಸೈಜ್ ಬೇಡ. 17 ಇಂಚು, 215/40 ಬೇಡ: ತಗ್ಗಿಸಿದ ಕಾರಿನ ಗಟ್ಟಿ ಸ್ಪ್ರಿಂಗ್, 86 ಮಿ.ಮೀ. ಸೈಡ್‌ವಾಲ್, ಮಳೆಗಾಲದಲ್ಲಿ ನೀರು ತುಂಬಿ ಕಾಣದ ಗುಂಡಿ. ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದರೆ ಒಳಗಿನ ದಾರ ಕಡಿದಿದೆ ಅಂತ ಅರ್ಥ, ಅದಕ್ಕೆ ರಿಪೇರಿ ಇಲ್ಲ.

ಅಗಲದ ರಿಮ್ಮಿಗೆ ಕಿರಿದಾದ ಟೈರ್ ಎಳೆದು ಕೂರಿಸುವ ಫ್ಯಾಷನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 195/50ಕ್ಕೆ 5.5ರಿಂದ 7ಜೆ, 205/45ಕ್ಕೆ 6.5ರಿಂದ 7.5ಜೆ. ಅದರಾಚೆ ಹೋದರೆ ಗುಂಡಿಯ ಹೊಡೆತಕ್ಕೆ ಟೈರಿನ ಅಂಚು ರಿಮ್ ಬಿಟ್ಟು ಗಾಳಿ ಒಮ್ಮೆಲೇ ಹೋಗಬಹುದು.

ಟೈರಿನ ಮೇಲಿನ ಲೋಡ್ ಸಂಖ್ಯೆಯನ್ನೂ ಓದಿ. 82 ಅಂದರೆ ಒಂದು ಟೈರಿಗೆ 475 ಕೆ.ಜಿ., 84 ಅಂದರೆ 500, 87 ಅಂದರೆ 545. ಮೂಲ ಟೈರಿನಲ್ಲಿ 84 ಇದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಟೈರಿನ ಪಕ್ಕದಲ್ಲೇ ನಾಲ್ಕು ಅಂಕಿಯಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ: 2324 ಅಂದರೆ 2024ರ 23ನೇ ವಾರ. ಅಪರೂಪದ ಸೈಜುಗಳಲ್ಲಿ ಹಳೆಯ ಸ್ಟಾಕ್ ದಾಟಿಸುವುದು ಸಾಮಾನ್ಯ.

ಕೂರಿಸುವಾಗ

ಹೊರಗಿನ ಅಲಾಯ್‌ಗಳ ನಡುವಿನ ತೂತು ಸಾಮಾನ್ಯವಾಗಿ 57.1ಕ್ಕಿಂತ ದೊಡ್ಡದು, 67.1 ಅಥವಾ 73.1. ನಡುವಿನ ಜಾಗ ತುಂಬಲು ಸರಿಯಾದ ಅಳತೆಯ ಹಬ್ ರಿಂಗ್ ಹಾಕಿಸಿ. ರಿಂಗ್ ಇಲ್ಲದೆ ಚಕ್ರ ಕೂದಲೆಳೆಯಷ್ಟು ನಡು ತಪ್ಪಿ ಕೂತರೂ 80–100ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ, ಯಾಕೆಂದರೆ ದೋಷ ಟೈರಿನಲ್ಲಿ ಇಲ್ಲ.

ಪೋಲೊದ ಮೂಲ ಬೋಲ್ಟಿನ ತಲೆಯ ಕೆಳಭಾಗ ಉರುಟು. ಹೊರಗಿನ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕಾಗುವುದು 60 ಡಿಗ್ರಿಯ ಕೋನ್. ಉರುಟು ಬೋಲ್ಟನ್ನು ಕೋನ್ ತೂತಿಗೆ ಬಿಗಿದರೆ ತೆಳ್ಳಗಿನ ಒಂದು ಗೆರೆಯಷ್ಟೇ ತಾಗುತ್ತದೆ, ಓಡುತ್ತಾ ಸಡಿಲವಾಗುತ್ತದೆ. ಹೊಸ ಬೋಲ್ಟ್ ಕೈಯಲ್ಲಿ ತಿರುಗಿಸಿದಾಗ ಕನಿಷ್ಠ ಏಳೂವರೆ ಸುತ್ತು ಒಳಗೆ ಹೋಗಬೇಕು. ತೀರಾ ಉದ್ದವೂ ಇರಬಾರದು, ಹಿಂದಿನ ಡ್ರಮ್ಮಿನೊಳಗಿನ ಭಾಗಗಳಿಗೆ ತಾಗಬಹುದು. ಬಿಗಿದ ಮೇಲೆ ಗಾಳಿಯಲ್ಲೆತ್ತಿದ ಚಕ್ರ ಕೈಯಲ್ಲಿ ತಿರುಗಿಸಿ ಸದ್ದು ಕೇಳಿ. ಟಾರ್ಕ್ ರೆಂಚಿನಲ್ಲಿ 120 ನ್ಯೂಟನ್ ಮೀಟರ್, 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ.

ನಾಲ್ಕೂ ಖರೀದಿಸುವ ಮುಂಚೆ ಒಂದು ರಿಮ್ಮಿಗೆ ಟೈರ್ ಏರಿಸಿ ಮುಂದೊಮ್ಮೆ, ಹಿಂದೊಮ್ಮೆ ಹಾಕಿ ನೋಡಲು ಅಂಗಡಿಯವರನ್ನು ಒಪ್ಪಿಸಿ. ಮಕ್ಕಳು ಆಡುವ ಕ್ಲೇಯನ್ನು ಫೆಂಡರಿನ ಒಳ ಅಂಚಿಗೂ ಲೈನರಿಗೂ ಅಂಟಿಸಿ. ಹಿಂದೆ ಮೂವರನ್ನು ಕೂರಿಸಿ. ಒಂದು ಮುಂಚಕ್ರ ಮತ್ತು ಅದರ ಎದುರು ಮೂಲೆಯ ಹಿಂಚಕ್ರ ಮಾತ್ರ ಎತ್ತರದಲ್ಲಿರುವಂತೆ ದಿಣ್ಣೆಯನ್ನು ಓರೆಯಾಗಿ ಹತ್ತಿಸಿ ನಿಲ್ಲಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಕ್ಲೇ ಎಲ್ಲಿ ಅಮುಕಿದೆಯೋ ಅಲ್ಲಿ ತಾಗುತ್ತದೆ. ಲೈನರಿನ ಸ್ಕ್ರೂ ಹತ್ತಿರವಾದರೆ ಸ್ಕ್ರೂ ಜಾಗ ಬದಲಿಸಿದರೆ ಮುಗಿಯಿತು. ಫೆಂಡರಿನ ತುಟಿ ತಾಗಿದರೆ ಅಂಚು ಮಡಚಿಸಬಹುದು, ಬಣ್ಣಕ್ಕೆ ಹೀಟ್ ಗನ್ನಿನಿಂದ ಬಿಸಿ ಕೊಟ್ಟ ಮೇಲೆಯೇ. ಬಣ್ಣ ಬಿರುಕು ಬಿಟ್ಟರೆ ಕರಾವಳಿಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದೀತು. ಟೈರ್ ಬಾಡಿಯಿಂದ ಹೊರಚಾಚಿದರೆ ಪೊಲೀಸರ ಕಣ್ಣಿಗೂ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ.

ಅಲೈನ್‌ಮೆಂಟನ್ನು ಸ್ಪ್ರಿಂಗ್ ಹಾಕಿದ ದಿನವೇ ಒಮ್ಮೆ, 300–500 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ ಮಾಡಿಸಿ. ಟೈರಿನ ಒಳ ಅಂಚು ಬೇಗ ಸವೆದರೆ ಎಲ್ಲರೂ ಕ್ಯಾಂಬರನ್ನು (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಟೋದಲ್ಲಿರುತ್ತದೆ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನದಲ್ಲಿ.

ಕಡೆಗೆ ಸ್ಟೆಪ್ನಿ. 175/70 ಆರ್14 ಉಕ್ಕಿನ ಸ್ಟೆಪ್ನಿಯ ಎತ್ತರ 601 ಮಿ.ಮೀ., 195/55 ಆರ್15ಕ್ಕೆ ಸಾಕಷ್ಟು ಹತ್ತಿರ, ಊರು ಮುಟ್ಟಲು ತೊಂದರೆಯಿಲ್ಲ. ಆದರೆ ಉಕ್ಕಿನ ರಿಮ್ಮಿಗೆ ಹೊಸ ಕೋನ್ ಬೋಲ್ಟ್ ಹೊಂದುವುದಿಲ್ಲ. ಹಳೆಯ ಉರುಟು ಬೋಲ್ಟ್ ಐದನ್ನು ಜ್ಯಾಕಿನ ಜೊತೆ ಡಿಕ್ಕಿಯಲ್ಲೇ ಇಟ್ಟಿರಿ.