ಮೂರು ತುಂಬದ ಪಾಪುವಿಗೆ ಅಂಗನವಾಡಿಯಲ್ಲಿ ಏನು ಕೇಳಬೇಕು?

ಮೂರು ವರ್ಷದೊಳಗಿನ ಮಗುವಿಗೆ ಅಂಗನವಾಡಿ ಅಂದ್ರೆ ಆಹಾರದ ಪ್ಯಾಕೆಟ್, ಚುಚ್ಚುಮದ್ದು, ಅಷ್ಟೇ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಮಿದುಳು ಓಡೋಡಿ ಬೆಳೆಯುವುದೇ ಆಗ. ಹಾಗಾಗಿಯೇ ಕೇಂದ್ರ ಸರ್ಕಾರ 2024ರಲ್ಲಿ ಈ ವಯಸ್ಸಿನವರಿಗಾಗಿ ‘ನವಚೇತನ’ ಎಂಬ ಮಾರ್ಗಸೂಚಿ ತಂದಿತು. ಅದರಲ್ಲಿ 36 ತಿಂಗಳಿಗೆ 140 ಚಟುವಟಿಕೆಗಳಿವೆ.

ಮೊದಲು ತಾಯಿ ಕಾರ್ಡ್ ಹಿಡಿದು ಹೋಗಿ. "ಟೀಚರ್, ನಮ್ಮ ಪಾಪುಗೆ ಈಗ ಎಂಟು ತಿಂಗಳು, ಯಾವ ಆಟ ಆಡಿಸಬೇಕು?" ಎಂದು ನೇರವಾಗಿ ಕೇಳಿ. ಟೀಚರ್ ಮನೆಗೆ ಬಂದಾಗ ಬರೀ ತೂಕ ನೋಡದೆ, ಒಂದು ಆಟ ಆಡಿಸಿ ತೋರಿಸಲು ಹೇಳಿ. ಅವರಿಗೆ ರಿಜಿಸ್ಟರ್ ಕೆಲಸವೇ ಜಾಸ್ತಿ, ಸ್ವಲ್ಪ ತಾಳ್ಮೆ ಇರಲಿ.

ಈ ಮನೆಭೇಟಿ ಸುಮ್ನೆ ಅಲ್ಲ. 1986–87ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಬೆಳವಣಿಗೆ ಕುಂಠಿತವಾದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರವಾರ ಹೋಗಿ, ತಾಯಂದಿರಿಗೆ ಮಗುವಿನ ಜೊತೆ ಆಡುವುದು, ಮಾತಾಡುವುದು ಕಲಿಸಿದರು. ಇಪ್ಪತ್ತು ವರ್ಷದ ನಂತರ ನೋಡಿದರೆ ಆ ಮಕ್ಕಳ ಗಳಿಕೆ, ಭೇಟಿ ಸಿಗದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು!

ಮನೆಯಲ್ಲಿ ದುಬಾರಿ ಆಟಿಕೆ ಬೇಡ. ತಟ್ಟೆ, ಚಮಚ ಸಾಕು. ಪಾಪು "ಬಾ ಬಾ" ಅಂದಾಗ ಮೊಬೈಲ್ ಪಕ್ಕಕ್ಕಿಟ್ಟು ಮುಖ ನೋಡಿ ಉತ್ತರಿಸಿ. ತಾತ, ಅಜ್ಜಿಯೂ ಮಾಡಬಹುದು ಅಲ್ವಾ?

ತಾಯಿ ಕಾರ್ಡ್‌ನಲ್ಲಿ ಬೆಳವಣಿಗೆಯ ಹಂತಗಳೂ ಇವೆ. ಮಗು ಹಿಂದೆ ಬಿದ್ದಿದೆ ಅನಿಸಿದರೆ ಕಾಯುತ್ತಾ ಕೂರಬೇಡಿ, ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡದ ತಪಾಸಣೆ ಯಾವಾಗ ಎಂದು ವಿಚಾರಿಸಿ.