ಚೀನಾದ ಖಾಸಗಿ ರಾಕೆಟ್ ಉಡಾವಣೆಯ ಸುದ್ದಿಯನ್ನು ಪರಿಶೀಲಿಸಿ ಓದುವ ಕ್ರಮ

ಚೀನಾದ ಖಾಸಗಿ ಕಂಪನಿಯೊಂದು ರಾಕೆಟ್ ಹಾರಿಸಿದಾಗ ನಮ್ಮನ್ನು ತಲುಪುವ ಸುದ್ದಿ ಬಹುತೇಕ ನಾಲ್ಕು ಸಾಲಿನದು. ಯಶಸ್ವಿಯಾಯಿತು ಎಂದೋ ವಿಫಲವಾಯಿತು ಎಂದೋ ಅದು ಮುಗಿದುಬಿಡುತ್ತದೆ. ಯಾವ ಕೆಲಸದಲ್ಲಿ ಯಶಸ್ಸು, ಎಷ್ಟು ದೂರದವರೆಗೆ ಯಶಸ್ಸು ಎಂಬುದನ್ನು ಓದುಗರೇ ಹುಡುಕಿಕೊಳ್ಳಬೇಕಾಗುತ್ತದೆ. ಹಾಗೆ ಹುಡುಕುವ ಕ್ರಮವನ್ನು ಬೀಜಿಂಗ್‌ನ ಲ್ಯಾಂಡ್‌ಸ್ಪೇಸ್ ಕಂಪನಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಬಾಹ್ಯಾಕಾಶ ಕ್ಷೇತ್ರಕ್ಕೆ ಖಾಸಗಿ ಬಂಡವಾಳ ಬರಲು ಚೀನಾ ಸರ್ಕಾರ 2014ರಲ್ಲಿ ಅವಕಾಶ ಮಾಡಿಕೊಟ್ಟಿತು. ಮರುವರ್ಷವೇ, ಬ್ಯಾಂಕಿಂಗ್ ಹಿನ್ನೆಲೆಯಿಂದ ಬಂದ ಝಾಂಗ್ ಚಾಂಗ್ವು ಈ ಕಂಪನಿಯನ್ನು ಸ್ಥಾಪಿಸಿದರು. ಸೋಲು, ಗೆಲುವು, ಮತ್ತೆ ಸೋಲು ಎಲ್ಲವೂ ಇದರ ದಾಖಲೆಯಲ್ಲಿ ಇರುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಕಂಪನಿಯ ಒಡೆತನ ಯಾರದೆಂದು ನೋಡಿಕೊಳ್ಳಿ. ಚೀನಾದಲ್ಲಿ ವಾಣಿಜ್ಯ ಉದ್ದೇಶಕ್ಕೆ ರಾಕೆಟ್ ಹಾರಿಸುವ ಸಂಸ್ಥೆಗಳೆಲ್ಲ ಖಾಸಗಿಯಲ್ಲ. ಎಕ್ಸ್‌ಪೇಸ್ ಸರ್ಕಾರಿ ಉದ್ಯಮವೊಂದರ ಅಂಗಸಂಸ್ಥೆ, ಸಿಎಎಸ್ ಸ್ಪೇಸ್ ಚೀನೀ ವಿಜ್ಞಾನ ಅಕಾಡೆಮಿಯಿಂದ ಕವಲೊಡೆದದ್ದು. ಲ್ಯಾಂಡ್‌ಸ್ಪೇಸ್ ಖಾಸಗಿ ಕಂಪನಿಯೇ ಆದರೂ 2024ರ ಡಿಸೆಂಬರ್‌ನಲ್ಲಿ ಸರ್ಕಾರಿ ಒಡೆತನದ ಹೂಡಿಕೆ ನಿಧಿಯೊಂದರಿಂದ 90 ಕೋಟಿ ಯುವಾನ್ ಪಡೆದಿದೆ. ಅದರ ರಾಕೆಟ್‌ಗಳು ಏರುವುದು ಗೋಬಿ ಮರುಭೂಮಿಯಲ್ಲಿರುವ, ಸರ್ಕಾರಿ ಆಡಳಿತದ ಜಿಯುಚುವಾನ್ ಉಡಾವಣಾ ಕೇಂದ್ರದ ಪ್ರದೇಶದಿಂದ. ಹೀಗಿರುವಾಗ ಅದನ್ನು 'ಚೀನಾದ ಸ್ಪೇಸ್‌ಎಕ್ಸ್' ಎಂದು ಕರೆದು ಸುಮ್ಮನಾಗುವುದೂ ಸರಿಯಲ್ಲ, ಸರ್ಕಾರದ ಮುಖವಾಡ ಎಂದು ತಳ್ಳಿಹಾಕುವುದೂ ಸರಿಯಲ್ಲ.

ಆಮೇಲೆ 'ಮೊದಲ' ಎಂಬ ವಿಶೇಷಣ ಬಂದ ಕಡೆಯಲ್ಲೆಲ್ಲ ನಿಂತು ಓದಿ. ಕಕ್ಷೆ ತಲುಪಿದ ಚೀನಾದ ಮೊದಲ ಖಾಸಗಿ ರಾಕೆಟ್ ಐಸ್ಪೇಸ್ ಕಂಪನಿಯ ಹೈಪರ್ಬೋಲಾ-1. 2019ರ ಜುಲೈ 25ರಂದು ಹಾರಿದ ಅದು ಘನ ಇಂಧನದ ರಾಕೆಟ್. ದ್ರವ ಇಂಧನದಿಂದ ಕಕ್ಷೆ ತಲುಪಿದ ಅಲ್ಲಿನ ಮೊದಲ ಖಾಸಗಿ ರಾಕೆಟ್ ಸ್ಪೇಸ್ ಪಯೊನೀರ್‌ನ ಟಿಯಾನ್‌ಲಾಂಗ್-2. ಅದು 2023ರ ಏಪ್ರಿಲ್ 2ರಂದು ಹಾರಿತು. ಅದೇ ವರ್ಷದ ಜುಲೈ 12ರಂದು ಲ್ಯಾಂಡ್‌ಸ್ಪೇಸ್‌ನ ಜೂಚುಯೆ-2 ಮೀಥೇನ್ ಮತ್ತು ದ್ರವ ಆಮ್ಲಜನಕ ಬಳಸಿ ಕಕ್ಷೆ ತಲುಪಿತು. ಮೀಥೇನ್ ರಾಕೆಟ್‌ಗಳ ಮಟ್ಟಿಗೆ ಅದು ಇಡೀ ಜಗತ್ತಿಗೇ ಮೊದಲನೆಯದು. ಅಮೆರಿಕದ ಸ್ಟಾರ್‌ಶಿಪ್ ಮತ್ತು ವಲ್ಕನ್ ಎರಡೂ ಆಗ ಇನ್ನೂ ಆ ಹಂತ ಮುಟ್ಟಿರಲಿಲ್ಲ. ಮೂರೂ ನಿಜವಾದ ಮೊದಲುಗಳೇ, ಆದರೆ ಇಂಧನ ಯಾವುದು ಎಂಬ ವಿವರ ಬಿಟ್ಟುಹೋದರೆ ಮೂರೂ ಒಂದನ್ನೊಂದು ಸುಳ್ಳು ಮಾಡುವಂತೆ ಕಾಣುತ್ತವೆ.

ಕಕ್ಷೆ ತಲುಪಿತೇ ಇಲ್ಲವೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. ಹೈದರಾಬಾದಿನ ಖಾಸಗಿ ಕಂಪನಿ ಸ್ಕೈರೂಟ್ 2022ರ ನವೆಂಬರ್ 18ರಂದು ಹಾರಿಸಿದ ವಿಕ್ರಮ್-ಎಸ್ ರಾಕೆಟ್ ಸುಮಾರು 89.5 ಕಿ.ಮೀ. ಎತ್ತರಕ್ಕೇರಿ ಸಮುದ್ರಕ್ಕೆ ಬಿತ್ತು. ಉದ್ದೇಶಿಸಿದ್ದೂ ಅಷ್ಟೇ ಆದ್ದರಿಂದ ಅದು ಯಶಸ್ಸು. ಆದರೆ ಕಕ್ಷೆಯಲ್ಲಿ ಉಳಿಯಬೇಕಾದರೆ ಎತ್ತರವಷ್ಟೇ ಸಾಲದು, ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗವೂ ಬೇಕು.

ಈ ವೇಗದ ಲೆಕ್ಕ ಎಲ್ಲಿ ತಪ್ಪಬಹುದು ಎಂಬುದನ್ನು ಜೂಚುಯೆ-2ರ ಮೊದಲ ಹಾರಾಟ ಚೆನ್ನಾಗಿ ತೋರಿಸುತ್ತದೆ. ರಾಕೆಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸಿದ, ಕೆಲಸ ಮುಗಿದಂತೆ ಕಳಚಿಕೊಳ್ಳುವ ಭಾಗಗಳನ್ನು ಹಂತಗಳು ಎನ್ನುತ್ತಾರೆ. 2022ರ ಡಿಸೆಂಬರ್ 14ರಂದು ಅದರ ಮೊದಲ ಹಂತದ ನಾಲ್ಕು ಟಿಯಾನ್‌ಚುಯೆ-12 ಎಂಜಿನ್‌ಗಳೂ ಎರಡನೇ ಹಂತದ ಮುಖ್ಯ ಎಂಜಿನ್ನೂ ತಮ್ಮ ಕೆಲಸ ಮುಗಿಸಿದವು. ಆ ಮುಖ್ಯ ಎಂಜಿನ್ ಅಲುಗಾಡದಂತೆ ಜೋಡಿಸಿದ್ದು. ದಿಕ್ಕು ತಿದ್ದುವುದಕ್ಕೂ ಮುಖ್ಯ ಎಂಜಿನ್ ಆರಿದ ಮೇಲೆ ಕೊನೆಯ ತಳ್ಳು ಕೊಡುವುದಕ್ಕೂ ಪಕ್ಕದಲ್ಲಿ ನಾಲ್ಕು ಮೂತಿಗಳ ಟಿಯಾನ್‌ಚುಯೆ-11 ಎಂಬ ಚಿಕ್ಕ ಎಂಜಿನ್ ಇತ್ತು. ದೋಣಿಗೆ ಚುಕ್ಕಾಣಿ ಇದ್ದಂತೆ ಎನ್ನಬಹುದು, ಆದರೆ ಈ ಚುಕ್ಕಾಣಿ ಹುಟ್ಟನ್ನೂ ಹಾಕಬೇಕಿತ್ತು. ಅದು ಅವಧಿಗೆ ಮುಂಚೆಯೇ ನಿಂತುಹೋದ್ದರಿಂದ ವೇಗ ಸಾಲದೆ ಉಪಗ್ರಹಗಳು ನಷ್ಟವಾದವು. 2024ರ ನವೆಂಬರ್ 27ರಂದು ಮೊದಲ ಬಾರಿಗೆ ಹಾರಿದ ಜೂಚುಯೆ-2ಇ ಮಾದರಿಯಲ್ಲಿ ಈ ಚಿಕ್ಕ ಎಂಜಿನ್ನೇ ಇಲ್ಲ. ಮುಖ್ಯ ಎಂಜಿನ್ನೇ ಓಲಾಡಿ ದಿಕ್ಕು ಹಿಡಿಯುತ್ತದೆ. ಕಂಪನಿಯ ನಿಜವಾದ ಪ್ರಗತಿಯನ್ನು ತಿಳಿಯಲು ನಾನು ಮೊದಲು ನೋಡುವುದು ಇಂಥ ಬದಲಾವಣೆಗಳನ್ನೇ. ಆದ್ದರಿಂದ ರಾಕೆಟ್ಟಿನ ಹೆಸರಿನ ಜೊತೆಗೆ ಮಾದರಿಯ ಅಕ್ಷರವನ್ನೂ ಹಾರಾಟದ ಕ್ರಮಸಂಖ್ಯೆಯನ್ನೂ ತಪ್ಪದೆ ಬರೆದಿಟ್ಟುಕೊಳ್ಳಿ. 2025ರ ಮೇ 17ರಂದು ಗೆದ್ದ 2ಇ ಮಾದರಿಯೇ ಅದೇ ವರ್ಷದ ಆಗಸ್ಟ್ 15ರಂದು ಸೋತಿತು. ಒಂದು ಗೆಲುವಿನಿಂದ ರಾಕೆಟ್ ಪಕ್ವವಾಯಿತು ಎಂದು ತೀರ್ಮಾನಿಸಬಾರದು ಎನ್ನುವುದಕ್ಕೆ ಇದೇ ಸಾಕ್ಷಿ.

ಹೊರುವ ತೂಕದ ಅಂಕಿ ಕಂಡಾಗ ಮೂರು ಸಂಗತಿಗಳನ್ನು ಕೇಳಿಕೊಳ್ಳಿ: ಯಾವ ಕಕ್ಷೆಗೆ, ಯಾವ ಮಾದರಿಗೆ, ಮೊದಲ ಹಂತವನ್ನು ಮರಳಿ ಇಳಿಸುವ ಲೆಕ್ಕದಲ್ಲೋ ಅಲ್ಲವೋ. ಜೂಚುಯೆ-2ಇ ಭೂಮಿಗೆ ಹತ್ತಿರದ ಕೆಳಕಕ್ಷೆಗೆ 6 ಟನ್ ಹೊರಬಲ್ಲದು ಎನ್ನುವ ಕಂಪನಿಯೇ, 500 ಕಿ.ಮೀ. ಎತ್ತರದ ಸೂರ್ಯ ಸಮಕಾಲಿಕ ಕಕ್ಷೆಗಾದರೆ (ಉಪಗ್ರಹ ಪ್ರತಿ ಜಾಗದ ಮೇಲೂ ಸ್ಥಳೀಯ ಸೌರ ಸಮಯದ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾದುಹೋಗುವ ಕಕ್ಷೆ) 4 ಟನ್ ಎನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಜೂಚುಯೆ-3ರ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಪ್ರಚಾರದಲ್ಲಿರುವ 21.3 ಟನ್ ಎಂಬ ಅಂಕಿ, ಯಾವ ಹಂತವನ್ನೂ ಮರಳಿ ಪಡೆಯದಿದ್ದಾಗ 76.6 ಮೀಟರ್ ಎತ್ತರದ ಮಾದರಿಗೆ ಅನ್ವಯಿಸುತ್ತದೆ. ಮೊದಲ ಹಂತವನ್ನು ಹಾರಾಟದ ದಾರಿಯಲ್ಲಿ ಮುಂದೆಲ್ಲೋ ಇಳಿಸಿಕೊಂಡರೆ ಅದು 18.3 ಟನ್, ಹಾರಿದ ಜಾಗಕ್ಕೇ ಮರಳಿ ತಂದರೆ 12.5 ಟನ್. ಮೊದಲು ಹಾರಿದ್ದಾದರೋ ಸುಮಾರು 66 ಮೀಟರಿನ ಚಿಕ್ಕ ಮಾದರಿ.

ಆ ಹಾರಾಟ ನಡೆದದ್ದು 2025ರ ಡಿಸೆಂಬರ್ 3ರಂದು. ಎರಡನೇ ಹಂತ ಕಕ್ಷೆ ಸೇರಿತು. ಮೊದಲ ಹಂತ ಗಾನ್ಸು ಪ್ರಾಂತ್ಯದ ಮಿನ್‌ಚಿನ್ ಬಳಿ ಸಿದ್ಧಪಡಿಸಿದ್ದ ಇಳಿದಾಣದತ್ತ ಬಂದರೂ ಕೊನೆಯ ಘಟ್ಟದಲ್ಲಿ ದಹನ ಅಸಹಜವಾಗಿ, ಮೆದುವಾಗಿ ಇಳಿಯಲಾಗದೆ ಕಟ್ಟೆಯ ಅಂಚಿನಲ್ಲಿ ಬಿದ್ದು ನಾಶವಾಯಿತು. ಇಂಥಲ್ಲಿ ಒಂದೇ ತೀರ್ಪು ಬರೆಯಬೇಡಿ. ಕಕ್ಷೆಗೆ ಒಂದು, ಇಳಿಯುವಿಕೆಗೆ ಇನ್ನೊಂದು ಎಂದು ಎರಡು ಸಾಲು ಬರೆಯಿರಿ. ಮೀಥೇನ್‌ನ ಆಯ್ಕೆಗೂ ಮರುಬಳಕೆಗೂ ಇರುವ ನಂಟು ಕೂಡ ಇಲ್ಲೇ ಅರ್ಥವಾಗುತ್ತದೆ: ಸೀಮೆಎಣ್ಣೆಯ ಇಂಧನ ಎಂಜಿನ್ನಿನೊಳಗೆ ಮಸಿ ಉಳಿಸುತ್ತದೆ, ಮೀಥೇನ್ ಬಹಳ ಕಡಿಮೆ ಮಸಿ ಬಿಡುವುದರಿಂದ ಅದೇ ಎಂಜಿನ್ನನ್ನು ಮತ್ತೆ ಹಾರಿಸಲು ಅನುಕೂಲ.

ದಿನಾಂಕದ ಗೊಂದಲವನ್ನು ನೀಗಿಸಿಕೊಳ್ಳುವುದು ಸುಲಭ. ಬೀಜಿಂಗ್ ಸಮಯ ನಮ್ಮ ಸಮಯಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಜೂಚುಯೆ-2ರ ಮೂರನೇ ಹಾರಾಟ ಅಲ್ಲಿ 2023ರ ಡಿಸೆಂಬರ್ 9ರ ಬೆಳಿಗ್ಗೆ 7.39ಕ್ಕೆ, ಅಂದರೆ ನಮ್ಮಲ್ಲಿ 5.09ಕ್ಕೆ ನಡೆಯಿತು. ಅಂತರರಾಷ್ಟ್ರೀಯ ಸಮಯದ ಪ್ರಕಾರ ಅದು ಡಿಸೆಂಬರ್ 8ರ ರಾತ್ರಿ 11.39. ಎರಡು ತಾರೀಖು ಕಂಡರೆ ಎರಡು ಉಡಾವಣೆ ಎಂದು ಎಣಿಸಬೇಡಿ.

ಕೊನೆಯದಾಗಿ ಸ್ವತಂತ್ರ ಪರಿಶೀಲನೆ. ಉಡಾವಣೆಗೆ ಮೊದಲು ವಿಮಾನ ಚಾಲಕರಿಗಾಗಿ ನೋಟಾಮ್ ಎಂಬ ಎಚ್ಚರಿಕೆ ಪ್ರಕಟವಾಗುತ್ತದೆ. ಅದರಲ್ಲಿರುವ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಕಳಚಿದ ಹಂತ ಎಲ್ಲಿ ಬೀಳಲಿದೆ, ರಾಕೆಟ್ ಯಾವ ದಿಕ್ಕಿಗೆ ಸಾಗಲಿದೆ ಎಂಬುದು ತಿಳಿಯುತ್ತದೆ. ಉಡಾವಣೆಯಾದ ಮೇಲೆ ಅಮೆರಿಕದ ಬಾಹ್ಯಾಕಾಶ ಪಡೆ ಕಕ್ಷೆಯಲ್ಲಿ ಕಂಡ ವಸ್ತುಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಸೆಲೆಸ್‌ಟ್ರಾಕ್ ತಾಣದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿ ಹೊಸ ವಸ್ತು, ಅದರ ಎತ್ತರ ಮತ್ತು ಓರೆ (ಸಮಭಾಜಕಕ್ಕೆ ಕಕ್ಷೆ ಎಷ್ಟು ಬಾಗಿದೆ ಎಂಬ ಕೋನ) ಸಿಕ್ಕರೆ ಕಂಪನಿಯ ಹೇಳಿಕೆಯೊಡನೆ ಹೋಲಿಸಿ. ವಸ್ತು ಸಿಕ್ಕಿತೆಂದ ಮಾತ್ರಕ್ಕೆ ಅದು ಕೆಲಸ ಮಾಡುವ ಉಪಗ್ರಹವೇ ಆಗಿರಬೇಕೆಂದಿಲ್ಲ: 2023ರ ಜುಲೈನ ಹಾರಾಟದಲ್ಲಿ ಗ್ರಾಹಕರ ಉಪಗ್ರಹ ಇರಲಿಲ್ಲ, ಡಿಸೆಂಬರಿನ ಹಾರಾಟವೇ ಮೂರು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದ್ದು. ಪಟ್ಟಿಯಲ್ಲಿ ಏನೂ ಕಾಣದಿದ್ದರೆ ಕೆಲವು ದಿನ ಕಾಯಿರಿ. ಅಲ್ಲಿಯವರೆಗೆ ನಿಮ್ಮ ಟಿಪ್ಪಣಿಯಲ್ಲಿ ಫಲಿತಾಂಶದ ಜಾಗವನ್ನು ಖಾಲಿ ಬಿಡಿ.