ಹಸಿರು ಟಿಕ್ ನಂಬಿ ಕೂತ ಒಂಬತ್ತು ದಿನ

ಜನವರಿ, ತೊಗರಿ ಸುಗ್ಗಿ. ಕಲಬುರಗಿ ಗಂಜಿನಲ್ಲಿ ಲಾರಿಗಳ ಸಾಲು. ನಾನು ನೋಡಿಕೊಳ್ಳುವ ದಾಲ್ ಮಿಲ್ಲಿನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿನಲ್ಲಿ ಬೆಳಗ್ಗೆ 11:40ಕ್ಕೆ 'ವೇರ್' (ಯಾವ ಸಾಲುಗಳಿಗೆ ಅನ್ನುವ ಷರತ್ತು) ಹಾಕದೆ ಒಂದು ಅಪ್‌ಡೇಟ್ ಓಡಿಸಿಬಿಟ್ಟೆ. ಎಲ್ಲ ಲಾಟಿಗೂ ಒಂದೇ ದರ!

ಗಾಬರಿಯೇನೂ ಆಗಲಿಲ್ಲ. ರಾತ್ರಿ ಒಂದಕ್ಕೆ ಸ್ನ್ಯಾಪ್‌ಶಾಟ್ (ಇಡೀ ಡೇಟಾಬೇಸಿನ ಫುಲ್ ಬ್ಯಾಕಪ್‌ಗೆ ನಾವು ಹೇಳುವ ಹೆಸರು), ಆಮೇಲೆ 15 ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ (ಆಗಿನಿಂದ ಆದ ಬದಲಾವಣೆಗಳ ದಾಖಲೆ) ಇತ್ತಲ್ಲ. 11:39ಕ್ಕೆ ಹಿಂದೆ ಹೋದರಾಯಿತು ಅಂದುಕೊಂಡೆ. ಲಾಗ್ ಫೋಲ್ಡರ್ ತೆಗೆದು ನೋಡಿದರೆ ಕೊನೆಯ ಫೈಲು ಒಂಬತ್ತು ದಿನ ಹಳೆಯದು. ನಾನು ದಿನಾ ನೋಡುತ್ತಿದ್ದ ಹಸಿರು ಟಿಕ್ ಸ್ನ್ಯಾಪ್‌ಶಾಟಿನದು. ಅದರ ಕೆಳಗೆ, ಲಾಗಿನ ಸಾಲಿನಲ್ಲಿ, ಸಣ್ಣಕ್ಷರದಲ್ಲಿ 'ಸ್ಕಿಪ್ಡ್'.

ಜೊತೆಗಿರುವ ಹುಡುಗನನ್ನು ಕೇಳಿದೆ. "ಡಿಸ್ಕ್ ತುಂಬಿತ್ರಿ ಸರ್, ಅದಕ್ಕೇ ಸಿಂಪಲ್‌ಗೆ ಹಾಕಿದ್ದೆ." ಕರೆಂಟ್ ಹೋಗಿ ಬಂದಾಗ ಲಾಗ್ ಇಡುವ ಪೆಟ್ಟಿಗೆ ಮತ್ತೆ ಚಾಲೂ ಆಗಿರಲಿಲ್ಲ. ಫುಲ್ ರಿಕವರಿ ಮಾಡೆಲ್‌ನಲ್ಲಿ (ಲಾಗ್ ಹೇಗಿಡಬೇಕು ಅನ್ನುವ ಸೆಟ್ಟಿಂಗ್) ಬ್ಯಾಕಪ್ ಆಗದ ಲಾಗ್ ಖಾಲಿಯಾಗುವುದಿಲ್ಲ, ಉಬ್ಬುತ್ತಲೇ ಹೋಗುತ್ತದೆ. ಲಾಗನ್ನು ತಾನೇ ಖಾಲಿ ಮಾಡಿಕೊಳ್ಳುವ ಸಿಂಪಲ್ ಮಾಡೆಲ್‌ಗೆ ತಿರುಗಿಸಿದ ಕೂಡಲೇ ಒಂದಕ್ಕೊಂದು ಕೂಡುವ ಲಾಗ್ ಬ್ಯಾಕಪ್‌ಗಳ ಸರಪಳಿ ತುಂಡಾಯಿತು. ಅವನನ್ನೇನು ಬೈಯಲಿ, ಆ ಸಾಲು ಓದಬೇಕಾದವನು ನಾನು.

ರಾತ್ರಿಯ ಸ್ನ್ಯಾಪ್‌ಶಾಟನ್ನು ಬೇರೆ ಹೆಸರಿನಲ್ಲಿ ರಿಸ್ಟೋರ್ ಮಾಡಿ, ಹಳೆಯ ಲಾಟುಗಳ ದರವನ್ನಷ್ಟೇ ಅಲ್ಲಿಂದ ಎತ್ತಿಕೊಂಡೆ. ಬೆಳಗಿನ ಲಾಟುಗಳು ಅದರಲ್ಲಿ ಇರಲಿಲ್ಲ. ತೂಕದ ಚೀಟಿಯ ಗುಲಾಬಿ ಕಾರ್ಬನ್ ಪ್ರತಿಗಳನ್ನು ಮುನೀಮರು ಒಂದೊಂದಾಗಿ ಓದಿದರು, ನಾನು ಟೈಪ್ ಮಾಡಿದೆ. ಬೆವರಿಗೆ ಕೆಲವು ಚೀಟಿಯ ಅಂಕಿ ಅಳಿಸಿಹೋಗಿತ್ತು. ಅವಕ್ಕೆ ಅಡತಿಯವರಿಗೇ ಫೋನು.

ಅಂದು ಸಂಜೆಯೇ ಮಾಡೆಲ್ ಫುಲ್‌ಗೆ ತಂದೆ. ಬರೀ ಅಷ್ಟಕ್ಕೆ ಸರಪಳಿ ಕೂಡುವುದಿಲ್ಲ, ಹೊಸದಾಗಿ ಒಂದು ಫುಲ್ ಅಥವಾ ಡಿಫರೆನ್ಶಿಯಲ್ (ಹಿಂದಿನ ಫುಲ್‌ನಿಂದ ಈಚೆಗೆ ಬದಲಾದದ್ದಷ್ಟೇ) ಬ್ಯಾಕಪ್ ಬೇಕು, ಫುಲ್ ತೆಗೆದೆ. ಈಗ ಸ್ನ್ಯಾಪ್‌ಶಾಟ್, ಲಾಗ್ ಎರಡರ ಸ್ಥಿತಿಯನ್ನೂ ಬೇರೆಬೇರೆಯಾಗಿ ನೋಡುತ್ತೇನೆ. ಅರ್ಧ ಗಂಟೆ ಲಾಗ್ ಬರದಿದ್ದರೆ ಮೊಬೈಲಿಗೆ ಮೆಸೇಜ್. ಪ್ರತಿ ಲಾಗ್ ಫೈಲಿನ ಮೊದಲ ಎಲ್‌ಎಸ್‌ಎನ್ (ಲಾಗ್ ದಾಖಲೆಯ ಕ್ರಮಸಂಖ್ಯೆ) ಹಿಂದಿನ ಫೈಲಿನ ಕೊನೆಯದಕ್ಕೆ ಹೊಂದುತ್ತದೆಯೇ ಅಂತ ಒಂದು ಸ್ಕ್ರಿಪ್ಟ್ ನೋಡುತ್ತದೆ. ನಡುವೆ ಬೇರೆ ಫುಲ್ ಬ್ಯಾಕಪ್ ತೆಗೆದರೆ ಲಾಗ್ ಸರಪಳಿ ಕಡಿಯುತ್ತದೆ ಅಂತ ಬಹಳ ಮಂದಿ ಹೆದರುತ್ತಾರೆ. ಕಡಿಯುವುದಿಲ್ಲ. ಕೆಡುವುದು ಡಿಫರೆನ್ಶಿಯಲ್‌ನ ತಳಹದಿ. ಅದಕ್ಕೆ, ಆ ತಳಹದಿಯನ್ನು ಮುಟ್ಟದೆ ಬ್ಯಾಕಪ್ ತೆಗೆಯುವ 'ಕಾಪಿ ಓನ್ಲಿ' ಇದೆ.

ತಿಂಗಳಿಗೊಂದು ಶನಿವಾರ, ಮಿಲ್ಲು ನಿಂತ ಮೇಲೆ, ಹಳೆಯ ಕಂಪ್ಯೂಟರಿನಲ್ಲಿ ಸ್ನ್ಯಾಪ್‌ಶಾಟ್ ಹಾಕಿ, 'ನೋ ರಿಕವರಿ'ಯಲ್ಲೇ (ಇನ್ನೂ ಲಾಗ್ ಏರಿಸಬಹುದಾದ ಸ್ಥಿತಿ) ಬಿಟ್ಟು, ಲಾಗ್‌ಗಳನ್ನು ಒಂದರ ಮೇಲೊಂದು ಏರಿಸುತ್ತೇವೆ. ಯಾವ ನಿಮಿಷಕ್ಕೆ ನಿಲ್ಲಿಸಬೇಕು ಅಂತ ಮುನೀಮರು ಹೇಳುತ್ತಾರೆ. ಹೋದ ಸಲ ಅವರು 11:39 ಅಂದರು.